ಹತ್ತಿ ತುಂಬಿದ ಗುಂಡು

ಆ ಬೀದಿಯ ಮನೆಗಳಿಗೆ ಮುಖವಿತ್ತು, ಬೆನ್ನಿರಲಿಲ್ಲ. ಎದುರಿನಿಂದ ನೋಡಿದರೆ ಬಾಗಿಲು, ಕಿಟಕಿ, ಕಿಟಕಿಗೆ ಪರದೆ, ಮೆಟ್ಟಿಲ ಮೇಲೆ ಹೂವಿನ ಕುಂಡ. ಬಾಗಿಲು ದೂಡಿ ಒಳಗೆ ಕಾಲಿಟ್ಟರೆ ಬಯಲು. ಅಲ್ಲಿ ಗೋಡೆಗೆ ಆಸರೆ ಕೊಟ್ಟ ಮರದ ಕಂಬಗಳು, ಸುತ್ತಿಟ್ಟ ವೈರು, ಮರಳಿನ ಮೂಟೆ, ಯಾರೋ ಕುಡಿದಿಟ್ಟ ಟೀ ಲೋಟ. ಸಿನಿಮಾಕ್ಕೆಂದು ಕಟ್ಟಿದ ಬೀದಿ ಅದು. ಮೆಲ್ಲಿಗೆ ಅದೆಂದರೆ ಪ್ರಾಣ. ಸಂಜೆ ಹೊಗೆ ಯಂತ್ರ ಶುರುವಾಯಿತೆಂದರೆ ಮನೆಗಳೆಲ್ಲ ನೆಲ ಬಿಟ್ಟು ತೇಲತೊಡಗುತ್ತಿದ್ದವು. ಯಾರೋ ಮಲಗಿ ಕಾಣುತ್ತಿರುವ ಕನಸಿನೊಳಗೆ ತಾನು ಹೇಳದೆ ಕೇಳದೆ ಬಂದು ನಿಂತಿದ್ದೇನೆ, ಅವರು ಮಗ್ಗುಲು ಬದಲಿಸಿದರೆ ಸಾಕು, ಎಲ್ಲ ಮಾಯವಾಗುತ್ತದೆ ಅನ್ನಿಸುತ್ತಿತ್ತು.

ಮೆಲ್ಲಿ ಅನ್ನುವುದು ಮನೆಯಲ್ಲಿಟ್ಟ ಹೆಸರಲ್ಲ. ಅವಳು ಗಂಟಲು ಬಿಟ್ಟು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಚಿತ್ರತಂಡದವರು ಕಟ್ಟಿದ ಹೆಸರು. ಊಟಕ್ಕೆ ಕರೆದರೂ ತಲೆಯಾಡಿಸುವಳು, ಬೈದರೂ ತಲೆಯಾಡಿಸುವಳು. ಅಂಥವಳ ಕೈಗೆ ಬಂದೂಕಿನ ಪೆಟ್ಟಿಗೆ ಬಂದದ್ದು ಸೋದರಮಾವನಿಂದ. ಮಾವ ಜೀವಮಾನವೆಲ್ಲ ಸಿನಿಮಾದ ಬಂದೂಕುಗಳನ್ನು ನೋಡಿಕೊಂಡವನು. ಅವನ ಕೈ ದಾಟಿ ಹೋದ ಬಂದೂಕು ಯಾವ ಸೆಟ್ಟಿನಲ್ಲೂ ಒಂದು ಸೊಳ್ಳೆಯನ್ನೂ ಕೊಂದದ್ದಿಲ್ಲ. ಆದರೆ ಅಷ್ಟು ವರ್ಷ ಢಮಢಮದ ಮಗ್ಗುಲಲ್ಲೇ ನಿಂತು ಅವನ ಕಿವಿ ಮುಚ್ಚಿಹೋಯಿತು. "ಕೈ ಗಟ್ಟಿ ಇದೆ, ಕಣ್ಣು ಚುರುಕಾಗಿದೆ, ಕಿವಿ ಮಾತ್ರ ಕೈ ಕೊಡ್ತು ನೋಡೇ," ಎಂದು ನಕ್ಕು ಪೆಟ್ಟಿಗೆಯ ಕೀಲಿಯನ್ನು ಅಕ್ಕನ ಮಗಳ ಅಂಗೈಗೆ ಹಾಕಿದ್ದ.

ಆ ಕೆಲಸಕ್ಕೆ ಕಣ್ಣಿಗಿಂತ ಕಿವಿಯೇ ಮುಖ್ಯ. ಹೀರೊ ಸೊಂಟಕ್ಕೆ ಕಟ್ಟುವ ಬೆಲ್ಟಿನ ಗುಂಡುಗಳು ಡಮ್ಮಿ. ಹೊರಗಿನ ಹಿತ್ತಾಳೆಯ ಕೊಳವೆ, ತುದಿಯ ಸೀಸದ ಮೊನೆ ಎಲ್ಲ ಅಸಲಿಯದೇ. ಹಿಂಬದಿಯ ಕೇಪು, ಅಂದರೆ ಬಂದೂಕಿನ ಕುದುರೆ ಬಡಿದಾಗ ಕಿಡಿ ಹಾರಿಸುವ ಪುಟ್ಟ ಬಿಲ್ಲೆ, ಅದೂ ಅಸಲಿಯಂತೆಯೇ ಹೊಳೆಯುತ್ತದೆ, ಆದರೆ ಸತ್ತದ್ದು. ಒಳಗೆ ಮದ್ದು ಇರುವುದಿಲ್ಲ. ಮದ್ದಿನ ಜಾಗದಲ್ಲಿ ಒಂದು ಸಣ್ಣ ಉಕ್ಕಿನ ಮಣಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಮಣಿ ಕಿಲಿಕಿಲಿ ಅನ್ನಬೇಕು. ಅಂದರೆ ಡಮ್ಮಿ. ಅನ್ನದಿದ್ದರೆ ಅದು ಏನೆಂದು ದೇವರಿಗೇ ಗೊತ್ತು, ಎತ್ತಿ ಆಚೆಗಿಡಬೇಕು. "ಕಿವಿಗೆ ಕೇಳಿಸದೆ ಯಾರ ಕೈಗೂ ಕೊಡಬೇಡ," ಎಂದಿದ್ದ ಮಾವ. ದಿನವೂ ಬೆಳಿಗ್ಗೆ ಮೆಲ್ಲಿ ವ್ಯಾನಿನ ಹಿಂಬದಿಯಲ್ಲಿ ಕೂತು ಒಂದೊಂದನ್ನೂ ಕಿವಿಗೆ ಹಿಡಿಯುತ್ತಿದ್ದಳು. ಗುಬ್ಬಿಮರಿಯನ್ನು ಹಿಡಿದಂತೆ ಹಿಡಿಯುತ್ತಿದ್ದಳು. ಒಂದೊಂದರ ದನಿಯೂ ಬೇರೆ. ಒಂದು ಗೊಣಗುವುದು, ಒಂದು ನಗುವುದು, ಒಂದು ನೆಗಡಿಯಾದವರ ಹಾಗೆ ಸೊರಸೊರ ಅನ್ನುವುದು.

ಸೆಟ್ಟಿನಲ್ಲಿ ಅವಳ ಹಾಗೆಯೇ ಕಿವಿಯಿಂದ ಬದುಕುವವನು ಇನ್ನೊಬ್ಬನಿದ್ದ. ಧ್ವನಿ ಹಿಡಿಯುವವನು. ಕುತ್ತಿಗೆಯಲ್ಲಿ ಯಂತ್ರ, ತಲೆಗೆ ದಪ್ಪ ಹೆಡ್‌ಫೋನು. ಎಲ್ಲರೂ ಅವನನ್ನು ಕಿವಿಯಣ್ಣ ಅನ್ನುತ್ತಿದ್ದರು. ಮೆಲ್ಲಿಗೆ ಮಾತ್ರ ಆ 'ಅಣ್ಣ' ಬಾಯಿಗೆ ಬರುತ್ತಿರಲಿಲ್ಲ. ಬೇರೆ ಏನು ಕರೆಯಬೇಕೆಂದೂ ತಿಳಿಯದೆ, ಏನೂ ಕರೆಯದೆ, ಅವನಿದ್ದ ಕಡೆ ಸುಮ್ಮನೆ ಹೋಗಿ ನಿಲ್ಲುತ್ತಿದ್ದಳು. ಅವನೂ ಊರಿಗೆಲ್ಲ ಏಕವಚನ ಹಚ್ಚಿ ಅವಳೊಬ್ಬಳನ್ನು 'ನೀವು' ಅನ್ನುತ್ತಿದ್ದ.

ಅವತ್ತು ಮಧ್ಯಾಹ್ನ ಅವನೇ ವ್ಯಾನಿನ ಹತ್ತಿರ ಬಂದ.

"ಒಂದು ಕಷ್ಟ ಹೇಳ್ಕೊಳ್ಳಾ? ನಿಮ್ಮ ಹೀರೊ ಬೀದಿ ತುದಿಯಿಂದ ನಡ್ಕೊಂಡು ಬರೋದು ಸೇಡು ತೀರಿಸೋಕೋ, ಗೆಜ್ಜೆ ಕಟ್ಕೊಂಡು ಕುಣಿಯೋಕೋ ನನಗೆ ಗೊತ್ತಾಗ್ತಿಲ್ಲ. ಬೆಲ್ಟು ಪೂರ್ತಿ ಕಿಲಿಕಿಲಿ ಅಂತಿದೆ."

ಮೆಲ್ಲಿ ನಕ್ಕಳು. ನಕ್ಕದ್ದಕ್ಕೆ ಕೆನ್ನೆ ಬಿಸಿಯಾಯಿತು.

"ಅದು ಸುಮ್ಮನಾಗೋ ಹಾಗೆ ಏನಾದ್ರೂ ಮಾಡೋಕಾಗುತ್ತಾ? ಬೆಲ್ಟಲ್ಲಿರೋದು ಬರೀ ಅಲಂಕಾರಕ್ಕೆ ತಾನೆ, ಬಂದೂಕಿಗೆ ಹಾಕಲ್ವಲ್ಲ?"

ಹಾಕುವುದಿಲ್ಲ, ನಿಜ. ಬಂದೂಕಿನೊಳಗೆ ಕೂರುವ ಡಮ್ಮಿಗಳು ಬೇರೆ, ಅವು ಅವಳ ಜೇಬಿನಲ್ಲೇ ಇರುತ್ತವೆ. ಆದರೂ ಸುಮ್ಮನಾಗಿಸುವಂತಿಲ್ಲ ಎಂದು ಹೇಳಬೇಕಿತ್ತು. ಆ ಮಾತು ಗಂಟಲವರೆಗೆ ಬಂದು ಅವನ ಮುಖ ನೋಡಿ ಹಿಂದಕ್ಕೆ ಹೋಯಿತು. ಎಂದಿನ ಹಾಗೆ ತಲೆಯಾಡಿಸಿದಳು.

ಊಟದ ಹೊತ್ತಿನಲ್ಲಿ ಎಲ್ಲರೂ ತಟ್ಟೆಯ ಮುಂದಿದ್ದಾಗ ಅವಳು ವ್ಯಾನಿನಲ್ಲಿ ಟೊಳ್ಳು ತಲೆಯ ಸುತ್ತಿಗೆ ಹಿಡಿದು ಕೂತಿದ್ದಳು. ಗುಂಡನ್ನು ಅದರೊಳಗೆ ಕೂರಿಸಿ ಮರದ ತುಂಡಿನ ಮೇಲೆ ಬಡಿದರೆ ಸೀಸದ ಮೊನೆ ಕಳಚಿ ಬೀಳುತ್ತದೆ. ಒಂದೊಂದನ್ನೂ ಬಿಚ್ಚಿ, ಮಣಿ ತೆಗೆದು, ಒಂದು ಚಿಟಿಕೆ ಹತ್ತಿ ತುರುಕಿ, ಮೊನೆಯನ್ನು ಮತ್ತೆ ಒತ್ತಿದಳು. ಕಿಟಕಿಯಿಂದ ಬಿಸಿಲು ಅವಳ ಮಡಿಲಿಗೆ ಬೀಳುತ್ತಿತ್ತು. ಹತ್ತಿಯ ಎಳೆಗಳು ಆ ಬಿಸಿಲಿನಲ್ಲಿ ತೇಲುತ್ತಿದ್ದವು. ಅವನ ಕಿವಿಗೆ ಮೆತ್ತನೆಯ ದಿಂಬು ಹೊಲಿಯುತ್ತಿದ್ದೇನೆ ಎಂಬಂಥ ಏನೋ ಒಂದು ಹುಚ್ಚು ಸಂತೋಷ ಅವಳಿಗೆ. ಒಂದರ ಮೊನೆ ಎಷ್ಟು ಬಡಿದರೂ ಕಳಚಲಿಲ್ಲ. ಆಮೇಲೆ ನೋಡಿದರಾಯಿತೆಂದು ಅದನ್ನು ಪಕ್ಕಕ್ಕಿಟ್ಟಳು. ಬೆಲ್ಟಿನ ಒಂದು ಕುಣಿಕೆ ಖಾಲಿ ಉಳಿಯಿತು. ಕೊನೆಗೆ ಬೆಲ್ಟನ್ನು ಎತ್ತಿ ಅಲ್ಲಾಡಿಸಿದಳು. ಮಾತು ಬಿಟ್ಟ ಮನೆಯ ಹಾಗೆ ಗಪ್‌ಚಿಪ್ಪಾಗಿತ್ತು.

ಸಂಜೆ ಬೀದಿಗೆ ಹೊಂಬಣ್ಣದ ಬೆಳಕು ಬಂತು. ನಿರ್ದೇಶಕರು ಬೆಳಗಿನಿಂದ ಕಾಯುತ್ತಿದ್ದುದು ಇದಕ್ಕೇ. ಹೊಗೆಯಲ್ಲಿ ಆ ಬೆಳಕು ಬಿದ್ದಾಗ ಸುಳ್ಳು ಮನೆಗಳ ಕಿಟಕಿಗಳಲ್ಲಿ ನಿಜಕ್ಕೂ ಯಾರೋ ದೀಪ ಹಚ್ಚಿಟ್ಟಂತಿತ್ತು. ಕತೆಯಲ್ಲಿ ಮಗ ತಂದೆಯ ಎದೆಗೆ ಬಂದೂಕು ಹಿಡಿಯಬೇಕು. ಕುದುರೆ ಬಡಿದು ಟಿಕ್ ಅನ್ನಬೇಕು, ಗುಂಡು ಹಾರಬಾರದು. ಅದರ ಮುಂದಿನ ಶಾಟಿಗೆ ಬ್ಲ್ಯಾಂಕು. ಮದ್ದು ಇರುವ, ಮೊನೆ ಇಲ್ಲದ, ಬರೀ ಸದ್ದು ಮತ್ತು ಬೆಂಕಿಯ ಗುಂಡು. ಮಗ ಹೀರೊ. ತಂದೆಯ ಪಾತ್ರ ತಾತನದು. ತಾತ ಹಳೆಯ ನಟ, ಎಂಥ ಪಾತ್ರದಲ್ಲಾದರೂ ಸಾಯುವುದರಲ್ಲಿ ಎತ್ತಿದ ಕೈ.

"ಎಷ್ಟು ಸಲ ಸತ್ತಿದೀರಿ ತಾತ?" ಎಂದು ಹೀರೊ ಕೂದಲು ಸರಿಮಾಡಿಕೊಳ್ಳುತ್ತ ಕೇಳಿದ.

"ಲೆಕ್ಕ ಇಟ್ಟಿಲ್ಲಪ್ಪ. ಮನೇಲಿ ನಮ್ಮವಳಿಗೆ ಬೇಜಾರಾಗೋಗಿದೆ. 'ಇವತ್ತಾದ್ರೂ ಪೂರ್ತಿ ಸತ್ತು ಬನ್ನಿ' ಅಂತಾಳೆ."

ಎಲ್ಲರೂ ನಗುತ್ತಿರುವಾಗ ನಿರ್ದೇಶಕರು ಕೈಯೆತ್ತಿದರು. "ತಡೀರಿ ತಡೀರಿ. ಬಂದೂಕು ತುಂಬಿರೋದು ಬೇಡ. ಅವನು ಬೆಲ್ಟಿಂದ ಒಂದೊಂದೇ ಗುಂಡು ತೆಗೆದು ಅಪ್ಪನ ಕಣ್ಮುಂದೇನೇ ತುಂಬಲಿ. ನಿಧಾನಕ್ಕೆ. ಈ ಬೆಳಕಲ್ಲಿ ಹಿತ್ತಾಳೆ ಬೆಂಕಿ ಥರ ಕಾಣುತ್ತೆ. ಮೆಲ್ಲೀ, ಬೆಲ್ಟಿಂದು ಡಮ್ಮಿ ತಾನೆ?"

ಎಲ್ಲರ ಮುಖವೂ ಅವಳ ಕಡೆ ತಿರುಗಿತು. ಹೆಡ್‌ಫೋನಿನ ನಡುವಿನ ಆ ಮುಖವೂ ತಿರುಗಿತು. ಡಮ್ಮಿಯೇ, ತಾನೇ ಕೈಯಾರೆ ಬಿಚ್ಚಿ ನೋಡಿದ್ದು. ಆದರೆ ಅವು ಮಾತಾಡುವುದಿಲ್ಲ, ಜೇಬಿನಲ್ಲಿರುವ ಮಾತಾಡುವವನ್ನು ಹಾಕಿಕೊಡುತ್ತೇನೆ ತಡೆಯಿರಿ ಎನ್ನಬೇಕಿತ್ತು. ಹಾಗೆ ಹೇಳಿದರೆ, ಮಾತಾಡದ ಹಾಗೆ ಮಾಡಿದ್ದೇಕೆ ಎಂದು ಕೇಳುತ್ತಾರೆ. ಕೇಳಿದರೆ ಯಾರ ಹೆಸರು ಹೇಳಲಿ? ತಲೆಯಾಡಿಸಿದಳು.

ಕ್ಯಾಮೆರಾ ಓಡಿತು. ಹೀರೊ ಹೊಗೆಯಿಂದ ಎದ್ದು ಬಂದ. ಬೆಲ್ಟು ಸದ್ದು ಮಾಡಲಿಲ್ಲ. ಕಿವಿಯಣ್ಣ ಕಣ್ಣು ಮುಚ್ಚಿಕೊಂಡು ಹೆಬ್ಬೆರಳೆತ್ತಿ ಅವಳಿಗೆ ತೋರಿಸಿದ. ಮೆಲ್ಲಿಗೆ ಮೈ ಹಗುರಾಯಿತು. ಅವಳ ಬೆನ್ನ ಹಿಂದೆ, ಸುಳ್ಳು ಮನೆಯೊಂದರ ತೆರೆದ ಬಾಗಿಲಲ್ಲಿ, ಸೂಜಿ ಚಿಕ್ಕಮ್ಮ ನಿಂತಿದ್ದಳು. ನಟರ ಬಟ್ಟೆಬರೆ ನೋಡಿಕೊಳ್ಳುವವಳು ಅವಳು. ಸೆರಗಿನ ತುಂಬ ಸೂಜಿ, ಬಾಯಿಯ ತುಂಬ ಮಾತು. ಶಾಟು ನಡೆಯುವಾಗಲೂ ಅವಳ ಬಾಯಿ ಪೂರ್ತಿ ನಿಲ್ಲುತ್ತಿರಲಿಲ್ಲ, ಪಿಸುಮಾತಿಗಿಳಿಯುತ್ತಿತ್ತು ಅಷ್ಟೆ.

"ಈಗ ನೋಡೇ ಬೆಲ್ಟು, ಎಷ್ಟು ಲಕ್ಷಣವಾಗಿದೆ," ಎಂದು ಮೆಲ್ಲಿಯ ಕಿವಿಯಲ್ಲಿ ಉಸುರಿದಳು. "ಆಗ ಒಂದು ಕಡೆ ಖಾಲಿ ಇತ್ತು, ಹಲ್ಲು ಬಿದ್ದ ಬಾಯಿ ಥರ. ನಾನೇ ತುಂಬಿದೆ."

"ಏನು ತುಂಬಿದ್ರಿ?"

"ಗುಂಡು ಕಣೇ. ನನ್ನ ಗುಂಡಿ ಡಬ್ಬೀಲಿತ್ತು. ಯಾವುದೋ ಹಳೇ ಸಿನಿಮಾದ ಕೋಟಿನ ಜೇಬಲ್ಲಿ ಸಿಕ್ಕಿದ್ದು. ಅಳತೆ ಸರಿಹೋಯ್ತು. ಅಂಗಿಗೆ ಗುಂಡಿ ಬಿದ್ದಿದ್ರೆ ಹಾಕ್ದೆ ಬಿಡ್ತೀನಾ?"

ಆಮೇಲೆ ಎಲ್ಲವೂ ನೀರಿನೊಳಗೆ ನಡೆಯುವಂತೆ ನಿಧಾನವಾಯಿತು. ಹೀರೊ ಬೆಲ್ಟಿನಿಂದ ಒಂದು ಗುಂಡು ತೆಗೆದು ಬೆಳಕಿಗೆ ಹಿಡಿದ. ಹಿತ್ತಾಳೆ ಹೊಳೆಯಿತು. ಬಂದೂಕಿನ ಚಕ್ರದ ಒಂದು ಮನೆಯಲ್ಲಿ ಕೂರಿಸಿದ. ಮತ್ತೊಂದು ತೆಗೆದ. ಯಾವುದು ತನ್ನದು, ಯಾವುದು ಗುಂಡಿ ಡಬ್ಬಿಯದು? ಮೆಲ್ಲಿ ಕಿವಿ ಚಾಚಿದಳು. ಇಷ್ಟು ದೂರದಿಂದಲೂ ಅವುಗಳ ದನಿ ಗುರುತಿಸಬಲ್ಲ ಕಿವಿ ಅದು. ಏನೂ ಕೇಳಲಿಲ್ಲ. ಎಲ್ಲದರ ಬಾಯಿಗೂ ಅವಳೇ ಹತ್ತಿ ತುಂಬಿದ್ದಳು. ಹೊರಗಿನವನು ಬಂದು ಸೇರಿದರೂ ಗೊತ್ತಾಗದ ಹಾಗೆ, ಮನೆಯವರೆಲ್ಲರನ್ನೂ ಅವಳೇ ಮೂಗರನ್ನಾಗಿ ಮಾಡಿದ್ದಳು.

ಹೀರೊ ತುಂಬಿ ಮುಗಿಸಿ ಚಕ್ರ ಒಳಗೆ ತಳ್ಳಿದ. ಕೈ ಮೇಲೆ ಬಂತು. ನಳಿಕೆಯ ಬಾಯಿ ತಾತನ ಎದೆಯನ್ನು ನೋಡಿತು. ತಾತ ಪಾತ್ರದಲ್ಲಿ ಮುಳುಗಿ ತುಂಬುಗಣ್ಣಿನಿಂದ ಮಗನನ್ನು ನೋಡುತ್ತಿದ್ದ. ಕ್ಯಾಮೆರಾ ಓಡುವಾಗ ನಿರ್ದೇಶಕರೊಬ್ಬರನ್ನು ಬಿಟ್ಟು ಬೇರಾರೂ ಉಸಿರೆತ್ತುವಂತಿಲ್ಲ. ಆ ಬೀದಿಯಲ್ಲಿ ಅದಕ್ಕಿಂತ ದೊಡ್ಡ ಕಟ್ಟಳೆ ಇರಲಿಲ್ಲ. ಬೆಳಕು ಇನ್ನೇನು ಜಾರಲಿತ್ತು. ಬಹುಶಃ ಏನೂ ಇಲ್ಲ, ಚಿಕ್ಕಮ್ಮನದೂ ಡಮ್ಮಿಯೇ ಇರಬಹುದು, ಎಂದು ಯಾರೋ ಅವಳೊಳಗೆ ಮೆಲ್ಲಗೆ ಹೇಳಿದರು. ಅದು ಅವಳದೇ ದನಿ, ದಿನವೂ ಮಾತಾಡುವ ದನಿ. ಅದನ್ನು ಕೇಳಿ ಮೆಲ್ಲಿಗೆ ಹೆದರಿಕೆಯಾಯಿತು.

"ನಿಲ್ಲಿಸಿ!"

ಯಾರು ಕೂಗಿದರೆಂದು ಯಾರಿಗೂ ತಿಳಿಯಲಿಲ್ಲ. ಕಿವಿಯಣ್ಣ ಹೆಡ್‌ಫೋನು ಕಿತ್ತೆಸೆದ. ಹೀರೊ ಬೆಚ್ಚಿಬಿದ್ದ. ಅಷ್ಟರಲ್ಲಿ ಮೆಲ್ಲಿ ಹೊಗೆ ಸೀಳಿಕೊಂಡು ಓಡಿ ಅವನ ಮಣಿಕಟ್ಟು ಹಿಡಿದು ನೆಲದ ಕಡೆ ಬಗ್ಗಿಸಿದ್ದಳು.

"ಬೆರಳು ತೆಗೀರಿ. ನನ್ನ ಕೈಗೆ ಕೊಡಿ. ಬೆಲ್ಟೂ ಬಿಚ್ಚಿ."

"ಏನಮ್ಮಾ ಆಯ್ತು?" ನಿರ್ದೇಶಕರು ಕುರ್ಚಿ ದೂಡಿ ಎದ್ದರು. "ಯಾರು ಹೇಳಿದ್ದು ನಿಲ್ಲಿಸೋಕೆ? ಬೆಳಕು ಹೋಗ್ತಿದೆ! ಡಮ್ಮಿ ಅಂತ ನೀನೇ ತಲೆ ಆಡಿಸಿದ್ಯಲ್ಲ!"

"ಆಡಿಸಿದೆ ಸರ್. ತಪ್ಪು. ನನಗೆ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಬೆಳಿಗ್ಗೆ ಗೊತ್ತಿತ್ತು. ಈಗ ಗೊತ್ತಿಲ್ಲ."

ವ್ಯಾನಿನಿಂದ ಸುತ್ತಿಗೆ ತಂದಳು. ಎಲ್ಲರನ್ನೂ ದೂರ ನಿಲ್ಲಿಸಿ, ಬೀದಿಯ ನಡುವೆ ಮಂಡಿಯೂರಿ, ಮೊದಲು ಬಂದೂಕಿನೊಳಗಿದ್ದವನ್ನು ಬಿಚ್ಚತೊಡಗಿದಳು. ಬಡಿದಳು. ಹತ್ತಿ. ಬಡಿದಳು. ಹತ್ತಿ.

"ಇದೇನು, ಹಾಸಿಗೆ ಅಂಗಡಿ ಇಟ್ಟಿದೀಯಾ?" ಎಂದು ಹೀರೊ ಗೊಣಗಿದ. ಗೋಡೆಗಳ ಮೇಲಿನ ಹೊಂಬಣ್ಣ ಮೊದಲು ಕುಂಡಗಳಿಂದ ಇಳಿಯಿತು, ಆಮೇಲೆ ಮೆಟ್ಟಿಲಿನಿಂದ.

ಮತ್ತೊಂದನ್ನು ಬಡಿದಳು. ಮೊನೆ ಕಳಚಿತು. ಕೊಳವೆಯಲ್ಲಿ ಹತ್ತಿ ಇರಲಿಲ್ಲ, ಮಣಿ ಇರಲಿಲ್ಲ, ಮದ್ದೂ ಇರಲಿಲ್ಲ. ಬೋರಲು ಹಾಕಿದರೆ ಏನೂ ಬೀಳಲಿಲ್ಲ.

"ಖಾಲಿ," ಎಂದರು ನಿರ್ದೇಶಕರು ಕತ್ತು ಚಾಚಿ. "ಖಾಲಿ ಕೊಳವೆಗೆ ನನ್ನ ಇಡೀ ಸಂಜೆ ತಿಂದೆ."

"ಖಾಲಿ ಹೌದು ಸರ್. ಆದ್ರೆ ಇದು ನನ್ನದಲ್ಲ."

ಬಂದೂಕನ್ನು ಪೂರ್ತಿ ಬರಿದು ಮಾಡಿ, ಮೊನೆಯಿಲ್ಲದ ಆ ಕೊಳವೆಯೊಂದನ್ನೇ ಅದರಲ್ಲಿ ಕೂರಿಸಿ, ನಳಿಕೆಯನ್ನು ಮರಳಿನ ಮೂಟೆಗೆ ಹಿಡಿದು ಕುದುರೆ ಎಳೆದಳು.

ಪಟ್.

ದೊಡ್ಡ ಸದ್ದೇನಲ್ಲ. ಬೆರಳಿನ ನೆಟಿಗೆ ಮುರಿದಷ್ಟು. ಒಂದು ಎಳೆ ಹೊಗೆ ನಳಿಕೆಯಿಂದ ಹೊರಬಂದು ಯಂತ್ರದ ಹೊಗೆಯಲ್ಲಿ ಸೇರಿಹೋಯಿತು. ಆದರೆ ಡಮ್ಮಿ ಅನ್ನಿಸಿಕೊಂಡದ್ದು ಇಷ್ಟು ಸದ್ದನ್ನೂ ಮಾಡಬಾರದು.

"ಕೇಪು ಜೀವಂತ ಇದೆ," ಎಂದಳು ಮೆಲ್ಲಿ. "ಮದ್ದಿಲ್ದೇ ಇದ್ರೂ ಇಷ್ಟೇ ಸಾಕು, ಸೀಸ ತಳ್ಕೊಂಡು ಹೋಗಿ ನಳಿಕೆ ಮಧ್ಯದಲ್ಲಿ ಕೂರುತ್ತೆ. ಸೀಸ ಅಡ್ಡ ಇರೋದ್ರಿಂದ ನಮಗೆ ಬರೀ ಟಿಕ್ ಅಂತ ಕೇಳಿರ್ತಿತ್ತು. ಮುಂದಿನ ಶಾಟಿಗೆ ನಾನೇ ಬ್ಲ್ಯಾಂಕ್ ತುಂಬಿ ಕೊಡ್ತಿದ್ದೆ. ಅದರ ಮದ್ದು ಹಿಂದಿನಿಂದ ಒದ್ದಿದ್ರೆ ಆ ಸೀಸ ತಾತನ ಎದೆಗೇ ಹೋಗ್ತಿತ್ತು."

ತಾತ ನಿಂತಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಸೂಜಿ ಚಿಕ್ಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಸೂಜಿ ಚುಚ್ಚಿದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಅಯ್ಯೋ ನನ್ನ ಕೈ ಸೇದಿಹೋಗ! ನಾನೇ ಹಾಕಿದ್ದು ಸರ್, ನನ್ನ ಬೈರಿ, ಮಗೂನ ಬೈಬೇಡಿ."

"ಸದ್ದು ನಿಲ್ಲಿಸು ಅಂತ ಕೇಳಿದ್ದು ನಾನು," ಎಂದು ಕಿವಿಯಣ್ಣ ಮುಂದೆ ಬಂದ. "ಹತ್ತಿ ತುಂಬಿದ್ದು ನನಗೋಸ್ಕರ."

"ಬೆಲ್ಟಿಂದ ತುಂಬೋಕೆ ಹೇಳಿದ್ದು ನಾನು, ಬಿಡು," ಎಂದರು ನಿರ್ದೇಶಕರು ಸೋತ ದನಿಯಲ್ಲಿ. "ಹಾಗೆ ನೋಡಿದ್ರೆ ಎಲ್ಲರದ್ದೂ ಸ್ವಲ್ಪ ಸ್ವಲ್ಪ ಇದೆ."

ಇಷ್ಟು ಜನ ತನಗೆ ಆಸರೆಯಾಗಿ ಬಂದದ್ದು ಮೆಲ್ಲಿಯ ಬದುಕಿನಲ್ಲೇ ಮೊದಲು. ತಲೆಯಾಡಿಸಿಬಿಟ್ಟರೆ ಮುಗಿಯುತ್ತಿತ್ತು. ಅವಳು ಆಡಿಸಲಿಲ್ಲ.

"ಹಾಗೆ ಹಂಚ್ಕೋಬೇಡಿ," ಎಂದಳು. "ಸ್ವಲ್ಪ ಸ್ವಲ್ಪ ಹಂಚ್ಕೊಂಡ್ರೆ ಕೊನೆಗೆ ಯಾರ ಹತ್ರಾನೂ ಉಳಿಯಲ್ಲ. ಚಿಕ್ಕಮ್ಮಂಗೆ ಅದು ಗುಂಡಿ ಥರ ಕಂಡಿದ್ದು ತಪ್ಪಲ್ಲ. ಇವ್ರಿಗೆ ಅದು ಬರೀ ಸದ್ದು. ನನಗೆ ಅದು ಏನು ಅಂತ ಗೊತ್ತಿತ್ತು. ಕೀಲಿ ನನ್ನ ಹತ್ರ ಇತ್ತು. ಆಗಲ್ಲ ಅನ್ನೋಕೆ ನಾಚಿಕೆ ಆಯ್ತು, ಅದಕ್ಕೆ ಅನ್ನಲಿಲ್ಲ."

ಬೀದಿ ಬೂದಿಬಣ್ಣಕ್ಕೆ ತಿರುಗಿತ್ತು. ಮನೆಗಳು ಮತ್ತೆ ಹಲಗೆಗಳಾಗಿದ್ದವು. ನಿರ್ದೇಶಕರು ದೂಡಿದ್ದ ಕುರ್ಚಿಯನ್ನು ಎಳೆದು ಸರಿಯಾಗಿ ನಿಲ್ಲಿಸಿದರು.

"ನಾಳೆಯಿಂದ ಪೆಟ್ಟಿಗೆ ನಿನ್ನ ಕೈಯಲ್ಲಿ ಇರಲ್ಲ," ಎಂದರು. "ಬೇರೆ ಯಾರನ್ನಾದ್ರೂ ಕರೆಸ್ತೀನಿ, ವಯಸ್ಸಾದವರನ್ನ. ಅವರ ಕೈ ಕೆಳಗೆ ಇರ್ತೀಯ ಅಂದ್ರೆ ಇರು."

"ಇರ್ತೀನಿ ಸರ್."

ಅಷ್ಟು ಬೇಗ ಒಪ್ಪುತ್ತಾಳೆಂದು ಅವರು ಅಂದುಕೊಂಡಿರಲಿಲ್ಲ. "ಪ್ಯಾಕಪ್" ಎಂದು ಕೂಗಿ ಹೋದರು. ಮೆಲ್ಲಿ ಉಳಿದ ಗುಂಡುಗಳನ್ನೂ ಒಂದೊಂದಾಗಿ ಬಿಚ್ಚಿ ಮುಗಿಸಿದಳು. ಅವುಗಳಲ್ಲೆಲ್ಲ ಹತ್ತಿಯೇ ಇತ್ತು. ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ನಿರ್ದೇಶಕರ ಸಹಾಯಕನಿಗೆ ಕೊಟ್ಟಾಗ ಅಂಗೈ ಬೆತ್ತಲೆ ಅನ್ನಿಸಿತು. ಮನೆಗೆ ಹೋಗಿ ಮಾವನಿಗೆ ಹೇಳಬೇಕು. ಹೇಳುತ್ತೇನೆ, ಅಂದುಕೊಂಡಳು. ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ.

ವ್ಯಾನಿನ ಮೆಟ್ಟಿಲ ಮೇಲೆ ಕಿವಿಯಣ್ಣ ಕಾಯುತ್ತಿದ್ದ.

"ಒಂದ್ನಿಮಿಷ ಕೂರ್ತೀರಾ? ಇವತ್ತಿಂದು ಅಳಿಸ್ಬೇಕು. ಅಳಿಸೋ ಮೊದ್ಲು ನೀವು ಒಂದ್ಸಲ ಕೇಳ್ಬೇಕು ಅನ್ನಿಸ್ತು."

ಹೆಡ್‌ಫೋನನ್ನು ಅವಳ ತಲೆಗೆ ತಾನೇ ಇಟ್ಟ. ಲೋಕ ಒಮ್ಮೆಗೇ ದೂರ ಸರಿಯಿತು. ಕತ್ತಲಿನೊಳಗೆ ಹೆಜ್ಜೆಗಳು ಬಂದವು, ಬೂಟಿನಡಿಯ ಮರಳು ಚರಚರ ಎಂದಿತು. ಹಿತ್ತಾಳೆ ಬಂದೂಕಿನೊಳಗೆ ಜಾರುವ ನಯವಾದ ಸದ್ದು, ಮತ್ತೆ ಅದೇ ಸದ್ದು. ಆಮೇಲೆ ಒಬ್ಬ ಹೆಂಗಸು 'ನಿಲ್ಲಿಸಿ' ಎಂದು ಕೂಗಿದಳು. ದಪ್ಪ ದನಿ, ಎದೆಯ ತಳದಿಂದ ಎದ್ದು ಬಂದದ್ದು. ಮೆಲ್ಲಿಗೆ ಅದು ಯಾರೆಂದು ಗುರುತು ಹತ್ತಲಿಲ್ಲ. ಸೆಟ್ಟಿಗೆ ತನ್ನ ಅಮ್ಮ ಯಾಕೆ ಬಂದಳು ಎಂದು ಒಂದು ಗಳಿಗೆ ಬೆರಗಾದಳು.

ಕೂಗಿನ ಆಚೆಗಿನ ಗದ್ದಲವನ್ನು ಅವನು ಓಡಿಸಿ ದಾಟಿಸಿದ, ಆಮೇಲೆ ನಿಶ್ಶಬ್ದವಿತ್ತು. ಯಂತ್ರ ನಿಲ್ಲಿಸುವುದನ್ನು ಅವನು ಮರೆತಿದ್ದ. ಆ ನಿಶ್ಶಬ್ದದೊಳಗೆ ಏನೋ ಅಲುಗಿತು. ಕಿವಿ ಕೊಟ್ಟು ಆಲಿಸಿದಳು. ತಾತನ ಅಂಗಿಯೊಳಗೆ, ಎದೆಗೆ ಅಂಟಿಸಿದ್ದ ಮೈಕು ಹಿಡಿದದ್ದು. ಮುದುಕನ ಉಸಿರು. ಸ್ವಲ್ಪ ಗೊರಗೊರ ಎನ್ನುವ, ಹಳೆಯ, ಯಾವ ಅವಸರವೂ ಇಲ್ಲದ ಉಸಿರು. ಒಳಗೆ ಹೋಯಿತು. ಹೊರಗೆ ಬಂತು. ಮೆಲ್ಲಿ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮತ್ತೆ ಒಳಗೆ ಹೋಯಿತು.